ಆ ಒದ್ದೆ ಚಪ್ಪಲಿಗೆ ಇನ್ನಷ್ಟು ಹೊತ್ತು ಕೊಡಿ
ಥ್ರಿಲ್ಲರ್ ಸಿನಿಮಾದ ಆರಂಭ ಎಡಿಟ್ ಮಾಡಿದ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ನಿಮ್ಮ ಎರಡು ನಿಮಿಷದ ಚಿತ್ರ ನೋಡಿದೆ. ಆಮೇಲೆ ನೀವು ಕಳಿಸಿಕೊಟ್ಟ ರಶ್‌ಗಳನ್ನು, ಅಂದರೆ ಕ್ಯಾಮೆರಾದಿಂದ ಇಳಿಸಿದ, ಕತ್ತರಿ ತಾಗದ ತುಣುಕುಗಳನ್ನು ಒಂದೂ ಬಿಡದೆ ನೋಡಿದೆ. ಉತ್ತರವನ್ನು ನಿಮಗಷ್ಟೇ ಬರೆದು ಸುಮ್ಮನಾಗಬಹುದಿತ್ತು. ಆದರೆ ಪತ್ರಿಕೋದ್ಯಮ, ವಿಷುಯಲ್ ಕಮ್ಯುನಿಕೇಶನ್ ಓದುವ ಹುಡುಗ ಹುಡುಗಿಯರು ಇವತ್ತು ಊರೂರಿನ ಕಾಲೇಜುಗಳಲ್ಲಿ ಫೋನು ಹಿಡಿದು ಥ್ರಿಲ್ಲರ್ ತೆಗೆಯುತ್ತಿದ್ದಾರೆ. ನನ್ನ ಕಣ್ಣಿಗೆ ಬೀಳುವ ಬಹುಪಾಲು ಚಿತ್ರಗಳು ನಿಮ್ಮ ಚಿತ್ರ ಎಡವಿದ ಜಾಗದಲ್ಲೇ ಎಡವುತ್ತವೆ. ಹಾಗಾಗಿ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ನಿಮ್ಮ ಹೆಸರಾಗಲಿ, ಕಾಲೇಜಿನ ಹೆಸರಾಗಲಿ ಇಲ್ಲಿ ಬರುವುದಿಲ್ಲ.

ಮೊದಲ ಮಾತನ್ನೇ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಒಂದು ಒಳ್ಳೆಯ ಥ್ರಿಲ್ಲರ್ ಆರಂಭ ಇದೆ. ಅದು ರಶ್‌ಗಳಲ್ಲಿದೆ, ಟೈಮ್‌ಲೈನಿಗೆ ಇನ್ನೂ ಬಂದಿಲ್ಲ.

ಚಿತ್ರ ನೋಡದವರಿಗಾಗಿ ಕಥೆ ಹೇಳುತ್ತೇನೆ. ಮಳೆ ಬಿಟ್ಟ ರಾತ್ರಿ. ಕೆಲಸ ಮುಗಿಸಿದ ಹುಡುಗಿಯೊಬ್ಬಳು ತನ್ನ ಲೇಡೀಸ್ ಪಿಜಿಗೆ ಬರುತ್ತಾಳೆ. ಮೂರನೇ ಮಹಡಿಯ ಮೆಟ್ಟಿಲು ಹತ್ತುತ್ತಾ ಫೋನಿನಲ್ಲಿ ಅಮ್ಮನ ಜೊತೆ ಮಾತು. ಉದ್ದನೆಯ ಕಾರಿಡಾರ್, ಕೊನೆಯ ಕೋಣೆ ಅವಳದು. ಬಾಗಿಲಿಗೆ ಹೊರಗಿನಿಂದ ಬೀಗ. ಬಾಗಿಲ ಮುಂದೆ ಗಂಡಸರ ಒಂದು ಜೊತೆ ಹವಾಯಿ ಚಪ್ಪಲಿ, ಇನ್ನೂ ನೀರಿಳಿಯುತ್ತಿದೆ. ಒದ್ದೆ ಹೆಜ್ಜೆಗುರುತುಗಳು ಬಾಗಿಲವರೆಗೆ ಹೋಗಿವೆ, ಹಿಂದಕ್ಕೆ ಬಂದಿಲ್ಲ.

ಇಷ್ಟನ್ನು ಯೋಚಿಸಿದವರಿಗೆ ನಮಸ್ಕಾರ. ರಕ್ತವಿಲ್ಲ, ಚಾಕುವಿಲ್ಲ, ಮುಸುಕು ಹಾಕಿದವನಿಲ್ಲ. ಬೀಗ ಹಾಕಿದ ಬಾಗಿಲು ಮತ್ತು ಒಂದು ಜೊತೆ ಚಪ್ಪಲಿ, ಅಷ್ಟೇ. ಕರ್ನಾಟಕದ ಯಾವ ಊರಿನ ಪ್ರೇಕ್ಷಕನಿಗೂ ಬಾಗಿಲ ಹೊರಗಿನ ಚಪ್ಪಲಿ ಏನು ಹೇಳುತ್ತದೆಂದು ವಿವರಿಸಬೇಕಿಲ್ಲ: ಒಳಗೆ ಯಾರೋ ಇದ್ದಾರೆ.

ಆ ಚಪ್ಪಲಿಯ ಶಾಟು ರಶ್‌ನಲ್ಲಿ ಒಂಬತ್ತು ಸೆಕೆಂಡು ಇದೆ. ನಿಮ್ಮ ಚಿತ್ರದಲ್ಲಿ ಹನ್ನೊಂದು ಫ್ರೇಮು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅರ್ಧ ಸೆಕೆಂಡೂ ಆಗಲಿಲ್ಲ. ನೀವು ಚಿತ್ರ ತೋರಿಸಿದ ಸೆಮಿನಾರ್ ಹಾಲಿನಲ್ಲಿ ನನ್ನ ಪಕ್ಕ ಕೂತಿದ್ದವರಿಗೆ ಅದು ಚಪ್ಪಲಿ ಎಂದೇ ಗೊತ್ತಾಗಲಿಲ್ಲ. ಹೆಜ್ಜೆಗುರುತನ್ನಂತೂ ಯಾರೂ ನೋಡಲಿಲ್ಲ. ಒಟ್ಟು 120 ಸೆಕೆಂಡಿನಲ್ಲಿ ನೀವು 64 ಶಾಟ್ ಜೋಡಿಸಿದ್ದೀರಿ, ಸರಾಸರಿ ಒಂದೊಂದಕ್ಕೆ ಎರಡು ಸೆಕೆಂಡಿಗಿಂತ ಕಡಿಮೆ. ಬೀಗ, ಕೈ, ಕಣ್ಣು, ಟ್ಯೂಬ್‌ಲೈಟು, ಮತ್ತೆ ಬೀಗ, ಮತ್ತೆ ಕಣ್ಣು. ಪ್ರತಿ ಕಟ್ಟಿಗೂ ಒಂದೊಂದು ಡಮಾರ್ ಸದ್ದು. ಥ್ರಿಲ್ಲರ್ ಅಂದಮೇಲೆ ಸ್ಪೀಡ್ ಇರಬೇಕಲ್ಲ ಸರ್, ಎಂದು ನಿಮ್ಮಲ್ಲೊಬ್ಬರು ಕೇಳಿದರು. ಆ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಕೊಡುವಷ್ಟು ಹೊತ್ತಿರಲಿಲ್ಲ. ಈಗ ಕೊಡುತ್ತೇನೆ.

ಥ್ರಿಲ್ಲರಿನ ಎಡಿಟರ್ ಮಾಡುವ ಕೆಲಸ ಒಂದೇ. ಯಾರಿಗೆ ಯಾವುದು ಯಾವಾಗ ಗೊತ್ತಾಗಬೇಕು ಎಂದು ತೀರ್ಮಾನಿಸುವುದು. ಪಾತ್ರಕ್ಕೆ ಮೊದಲು ಗೊತ್ತಾಗಬೇಕೋ, ಪ್ರೇಕ್ಷಕನಿಗೆ ಮೊದಲು ಗೊತ್ತಾಗಬೇಕೋ, ಇಬ್ಬರಿಗೂ ಒಟ್ಟಿಗೋ. ಇದನ್ನು ತೀರ್ಮಾನಿಸದೆ ಹಾಕಿದ ಕಟ್ ಎಷ್ಟು ಚುರುಕಾಗಿದ್ದರೂ ವ್ಯರ್ಥ. ನಿಮ್ಮ 64 ಶಾಟುಗಳಲ್ಲಿ ನನಗೆ ಆ ತೀರ್ಮಾನ ಕಾಣಲಿಲ್ಲ. ಹುಡುಗಿ ಚಪ್ಪಲಿಯನ್ನು ನೋಡಿದಳೋ ಇಲ್ಲವೋ ಎನ್ನುವುದೇ ಕೊನೆಯವರೆಗೆ ಸ್ಪಷ್ಟವಾಗಲಿಲ್ಲ.

ನಿಮ್ಮ ರಶ್‌ಗಳನ್ನೇ ಇಟ್ಟುಕೊಂಡು, ಒಂದು ಶಾಟನ್ನೂ ಹೊಸದಾಗಿ ತೆಗೆಯದೆ, ಮೂರು ಬೇರೆ ಬೇರೆ ಚಿತ್ರ ಮಾಡಬಹುದು.

ಒಂದನೆಯದರಲ್ಲಿ ಹುಡುಗಿಗೂ ನಮಗೂ ಒಟ್ಟಿಗೆ ಗೊತ್ತಾಗುತ್ತದೆ. ಅವಳು ಬ್ಯಾಗಿನಲ್ಲಿ ಬೀಗದ ಕೈ ಹುಡುಕುತ್ತಾ ಬರುತ್ತಾಳೆ, ಬಾಗಿಲ ಮುಂದೆ ಏನೋ ಕಾಲಿಗೆ ತಾಗುತ್ತದೆ, ಕೆಳಗೆ ನೋಡುತ್ತಾಳೆ. ಆಗ ಚಪ್ಪಲಿ. ಬೆಚ್ಚಿಬೀಳುತ್ತೇವೆ, ನಿಜ. ಆದರೆ ಅದು ಒಂದೇ ಏಟು, ಆಮೇಲೆ ಕೈ ಖಾಲಿ.

ಎರಡನೆಯದರಲ್ಲಿ ಅವಳಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಚಿತ್ರ ಶುರುವಾಗುವುದೇ ಖಾಲಿ ಕಾರಿಡಾರಿನಿಂದ. ಚಪ್ಪಲಿ, ಅದರಿಂದ ಹರಿದ ನೀರು, ಹೆಜ್ಜೆಗುರುತು, ಬೀಗ. ಆಮೇಲೆ ಕೆಳಗೆಲ್ಲೋ ಮೆಟ್ಟಿಲಿನ ಮೇಲೆ ಅವಳ ದನಿ. ‘ಆಯ್ತಮ್ಮ, ಊಟ ಆಯ್ತು. ಇಲ್ಲಮ್ಮ, ಮಳೆಯಲ್ಲಿ ನೆನೆದಿಲ್ಲ.’ ಈ ಫೋನ್ ಮಾತನ್ನು ಬೋರು ಎಂದು ನೀವು ಪೂರ್ತಿ ತೆಗೆದುಹಾಕಿದ್ದೀರಿ. ಚಪ್ಪಲಿಯನ್ನು ಮೊದಲೇ ತೋರಿಸಿಬಿಟ್ಟರೆ ಅದೇ ಮಾತು ಎದೆ ಹಿಂಡುತ್ತದೆ. ಅವಳು ಹತ್ತುವ ಒಂದೊಂದು ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ.

ಮೂರನೆಯದರಲ್ಲಿ ಅವಳಿಗೆ ಗೊತ್ತೇ ಆಗುವುದಿಲ್ಲ. ಫೋನಿನ ಗುಂಗಿನಲ್ಲಿ ಬೀಗ ತೆಗೆದು ಒಳಗೆ ಹೋಗುತ್ತಾಳೆ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸದ್ದು. ಕ್ಯಾಮೆರಾ ಹೊರಗೇ ಉಳಿದು ನಿಧಾನ ಕೆಳಗಿಳಿಯುತ್ತದೆ. ಚಪ್ಪಲಿ ಕಂಡ ಮೇಲೆ ಟೈಟಲ್.

ಶಾಟುಗಳು ಅವೇ, ನಟಿ ಅವಳೇ, ಬಾಗಿಲು ಅದೇ. ಆರ್ಡರ್ ಬದಲಾದರೆ ಮೂರು ಭಯಗಳೂ ಬೇರೆ. ನನ್ನನ್ನು ಕೇಳಿದರೆ ಎರಡನೆಯದು. ಕಾರಣ ನಿಮ್ಮ ನಟಿಯ ಆ ಫೋನ್ ಟೇಕು. ಅದರಲ್ಲಿ ಒಂದು ತುಂಡೂ ನಟನೆ ಎನಿಸುವುದಿಲ್ಲ. ಅಂಥ ಟೇಕು ಕೈಯಲ್ಲಿದ್ದಾಗ ಅದರ ಕೆಳಗೆ ಆತಂಕ ಹರಿಯುವಂತೆ ಮಾಡುವುದು ಎಡಿಟರ್ ಕೆಲಸ.

ಇದು ನನ್ನ ಸ್ವಂತ ಸಿದ್ಧಾಂತವಲ್ಲ. ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಜೊತೆ ದಿನಗಟ್ಟಲೆ ಮಾತನಾಡಿದ್ದು ಪುಸ್ತಕವಾಗಿ ಬಂದಿದೆ. ಅದರಲ್ಲಿ ಮೇಜಿನ ಕೆಳಗಿನ ಬಾಂಬಿನ ಮಾತು ಬರುತ್ತದೆ. ಇಬ್ಬರು ಕೂತು ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬ್ ಸಿಡಿಯುತ್ತದೆ. ಪ್ರೇಕ್ಷಕನಿಗೆ ಸಿಕ್ಕಿದ್ದು ಹದಿನೈದು ಸೆಕೆಂಡಿನ ಬೆಚ್ಚಿಬೀಳುವಿಕೆ. ಬಾಂಬ್ ಅಲ್ಲಿದೆ ಎಂದು ಅವನಿಗೆ ಮೊದಲೇ ತಿಳಿಸಿದರೆ ಹದಿನೈದು ನಿಮಿಷದ ಆತಂಕ. ಆಗ ಮೇಜಿನ ಮೇಲಿನ ಕೆಲಸಕ್ಕೆ ಬಾರದ ಹರಟೆಯೇ ಸಹಿಸಲಾರದಷ್ಟು ಮುಖ್ಯವಾಗುತ್ತದೆ. ನಿಮ್ಮ ಚಿತ್ರದಲ್ಲಿ ಬಾಂಬ್ ಎಂದರೆ ಚಪ್ಪಲಿ, ಹರಟೆ ಎಂದರೆ ‘ಊಟ ಆಯ್ತಮ್ಮ’. ನೀವು ಬಾಂಬನ್ನು ಹನ್ನೊಂದು ಫ್ರೇಮಿನಲ್ಲಿ ಮುಗಿಸಿ, ಹರಟೆಯನ್ನು ಕಸದ ಬುಟ್ಟಿಗೆ ಹಾಕಿದಿರಿ.

ಹಿಚ್‌ಕಾಕ್ ಹೆಸರೆತ್ತಿದ ಕೂಡಲೇ ನೀವು ‘ಸೈಕೋ’ ಚಿತ್ರದ ಸ್ನಾನದ ಮನೆಯ ದೃಶ್ಯ ನೆನಪಿಸುತ್ತೀರಿ ಎಂದು ಗೊತ್ತು. 1960ರ ಆ ಚಿತ್ರವನ್ನು ಎಡಿಟ್ ಮಾಡಿದ್ದು ಜಾರ್ಜ್ ಟೊಮಾಸಿನಿ. ಮುಕ್ಕಾಲು ನಿಮಿಷದ ಆ ಕೊಲೆಗೆ 78 ಕ್ಯಾಮೆರಾ ಸೆಟಪ್, 52 ಕಟ್ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅಂಥ ವೇಗ ಇದೆ, ಒಪ್ಪುತ್ತೇನೆ. ಆದರೆ ಆ ವೇಗ ಯಾವಾಗ ಬಂತು? ಕಥೆ ಶುರುವಾಗಿ ಮುಕ್ಕಾಲು ಗಂಟೆ ಕಳೆದ ಮೇಲೆ. ಅದಕ್ಕೂ ಸ್ವಲ್ಪ ಮುಂಚೆ ಏನಾಗುತ್ತದೆ ನೋಡಿ. ಹುಡುಗಿ ಬೆನ್ನು ತಿರುಗಿಸಿ ಸ್ನಾನ ಮಾಡುತ್ತಿದ್ದಾಳೆ. ಪರದೆಯ ಆಚೆ ಬಾಗಿಲು ತೆರೆದು ಒಂದು ನೆರಳು ಹತ್ತಿರ ಬರುತ್ತದೆ. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅಲ್ಲಿ ಕಟ್ ಮಾಡಲು ಯಾರಿಗೂ ಅವಸರವಿಲ್ಲ. ವಿದ್ಯಾರ್ಥಿಗಳ ಚಿತ್ರಗಳಲ್ಲಿ ಆ 52 ಕಟ್ಟುಗಳ ನಕಲು ಬೇಕಾದಷ್ಟು ಸಿಗುತ್ತದೆ, ನೆರಳು ನಡೆದುಬರುವ ಆ ಹೊತ್ತಿನ ನಕಲು ಸಿಗುವುದೇ ಇಲ್ಲ.

ಇನ್ನೂ ಹಿಂದಕ್ಕೆ ಹೋಗಿ, 1931ರ ಜರ್ಮನ್ ಚಿತ್ರ ‘ಎಂ’ ನೋಡಿ. ಫ್ರಿಟ್ಜ್ ಲಾಂಗ್ ನಿರ್ದೇಶನ. ಮಕ್ಕಳ ಕೊಲೆಗಾರನ ಕಥೆ. ಎಲ್ಸಿ ಎಂಬ ಪುಟ್ಟ ಹುಡುಗಿ ಶಾಲೆ ಬಿಟ್ಟು ಮನೆಗೆ ಬರಬೇಕು, ಅಮ್ಮ ಊಟಕ್ಕೆ ತಟ್ಟೆ ಇಟ್ಟು ಕಾಯುತ್ತಿದ್ದಾಳೆ. ದಾರಿಯಲ್ಲಿ ಕೊಲೆಗಾರನ ನೆರಳು ಹುಡುಗಿಯ ಮುಂದೆ ಬಿದ್ದದ್ದನ್ನು ನಾವು ನೋಡಿದ್ದೇವೆ, ಅಮ್ಮ ನೋಡಿಲ್ಲ. ಅವಳು ಎಲ್ಸಿ, ಎಲ್ಸಿ ಎಂದು ಕೂಗುತ್ತಾಳೆ. ಆ ಕೂಗಿನ ಮೇಲೆ ಒಂದೊಂದೇ ಶಾಟು: ಯಾರೂ ಇಲ್ಲದ ಮೆಟ್ಟಿಲ ಸುರುಳಿ, ಬಟ್ಟೆ ಒಣಹಾಕಿದ ಅಟ್ಟ, ಖಾಲಿ ತಟ್ಟೆ, ಪೊದೆಯಿಂದ ಉರುಳಿಬರುವ ಚೆಂಡು, ತಂತಿಗಳಿಗೆ ಸಿಕ್ಕಿಕೊಂಡ ಬಲೂನು. ಕೊಲೆಯನ್ನು ತೋರಿಸಿಯೇ ಇಲ್ಲ. ಹಿಂಸೆಯ ಒಂದು ಫ್ರೇಮೂ ಇಲ್ಲದೆ ಜಗತ್ತಿನ ಅತ್ಯಂತ ಭೀಕರ ಆರಂಭಗಳಲ್ಲಿ ಒಂದನ್ನು ಅವರು ಖಾಲಿ ಜಾಗಗಳ ಶಾಟು ಜೋಡಿಸಿ ಮಾಡಿದರು. ನಿಮ್ಮ ಕ್ಯಾಮೆರಾದವರೂ ಖಾಲಿ ಮೆಟ್ಟಿಲು, ಖಾಲಿ ಕಾರಿಡಾರು, ಒಣಹಾಕಿದ ಬಟ್ಟೆ ಎಲ್ಲ ತೆಗೆದಿದ್ದಾರೆ. ಚೆನ್ನಾಗಿಯೂ ತೆಗೆದಿದ್ದಾರೆ. ಒಂದನ್ನೂ ನೀವು ಬಳಸಿಲ್ಲ.

ನಮ್ಮ ಕಾಲದ್ದೇ ಬೇಕೆಂದರೆ ‘ಕಹಾನಿ’ ಇದೆ, 2012ರದ್ದು. ಅದರ ಎಡಿಟಿಂಗಿಗೆ ನಮ್ರತಾ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರದಲ್ಲಿ ಮೊದಲು ವಿಷಾನಿಲವನ್ನು ಇಲಿಗಳ ಮೇಲೆ ಪ್ರಯೋಗಿಸುತ್ತಾರೆ, ಆಮೇಲೆ ಜನ ತುಂಬಿದ ಕೋಲ್ಕತ್ತಾ ಮೆಟ್ರೊ. ಇಲಿಗಳಿಗೆ ಏನಾಯಿತೆಂದು ನೋಡಿ ಬಂದ ಪ್ರೇಕ್ಷಕನಿಗೆ ಬೋಗಿಯಲ್ಲಿ ಕೂತ ಯಾವ ಮುಖವೂ ಸುಮ್ಮನೆ ಒಂದು ಮುಖವಾಗಿ ಕಾಣುವುದಿಲ್ಲ.

ಮುಖದ ಮಾತು ಬಂತು. ನಿಮ್ಮ ನಟಿಯ ಕ್ಲೋಸಪ್‌ಗಳಲ್ಲಿ ನೀವು ಆರಿಸಿಕೊಂಡದ್ದೆಲ್ಲ ಕಣ್ಣರಳಿಸಿ ಬಾಯಿ ತೆರೆದವು. ಭಯ ಕಾಣಬೇಕೆಂದು ಹೀಗೆ ಆರಿಸಿದ್ದೀರಿ. ಆದರೆ ಎರಡನೇ ದಿನದ ಶೂಟಿಂಗಿನಲ್ಲಿ ನಿರ್ದೇಶಕರು ಕಟ್ ಹೇಳಿದ ಮೇಲೂ ಕ್ಯಾಮೆರಾ ಓಡುತ್ತಿದೆ. ನಟಿ ಬಾಗಿಲ ಕಡೆ ನೋಡುತ್ತಾ ಹಾಗೇ ನಿಂತಿದ್ದಾಳೆ, ದಣಿದಿದ್ದಾಳೆ, ಮುಖದಲ್ಲಿ ಯಾವ ಭಾವವೂ ಇಲ್ಲ. ಆ ನಾಲ್ಕು ಸೆಕೆಂಡನ್ನು ಹೆಜ್ಜೆಗುರುತಿನ ಶಾಟಿನ ಪಕ್ಕ ಇಟ್ಟು ನೋಡಿ. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ತೋರಿಸಿದ ಸಂಗತಿ ಇದು. ನಟನ ಒಂದೇ ನಿರ್ಭಾವದ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ ಇಟ್ಟರೆ ಜನ ಹಸಿವು ಕಂಡರು, ಶವಪೆಟ್ಟಿಗೆಯ ಪಕ್ಕ ಇಟ್ಟರೆ ದುಃಖ ಕಂಡರು. ಭಾವವನ್ನು ತುಂಬುವುದು ಪ್ರೇಕ್ಷಕ. ಮುಖವೇ ಎಲ್ಲವನ್ನೂ ಹೇಳಿಬಿಟ್ಟರೆ ಅವನಿಗೆ ಕೆಲಸ ಉಳಿಯುವುದಿಲ್ಲ. ರಶ್ ನೋಡುವಾಗ ಆ್ಯಕ್ಷನ್ ಹೇಳುವ ಮೊದಲಿನದನ್ನೂ ಕಟ್ ಹೇಳಿದ ನಂತರದ್ದನ್ನೂ ನೋಡಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಇನ್ನು ದುಪಟ್ಟಾ ವಿಷಯ. ಫೋನ್ ಟೇಕನ್ನು ಬಿಡಲು ಬೋರು ಎನ್ನುವುದರ ಜೊತೆಗೆ ಇನ್ನೊಂದು ಕಾರಣ ಕೊಟ್ಟಿರಿ. ಮೆಟ್ಟಿಲಿನ ಮೇಲೆ ದುಪಟ್ಟಾ ಬಲ ಹೆಗಲ ಮೇಲಿದೆ, ಕಾರಿಡಾರಿನಲ್ಲಿ ಎಡಕ್ಕೆ ಬಂದಿದೆ, ಕಂಟಿನ್ಯುಟಿ ಜಂಪ್ ಆಗುತ್ತದೆ ಎಂದು. ನಿಮ್ಮ ಕಣ್ಣು ಚುರುಕಾಗಿದೆ, ಅದನ್ನು ಮೆಚ್ಚುತ್ತೇನೆ. ಆದರೂ ನಿಮ್ಮ ತೀರ್ಮಾನ ತಪ್ಪು. ‘ದಿ ಗಾಡ್‌ಫಾದರ್’ ಸರಣಿಗೂ ‘ಅಪೊಕಲಿಪ್ಸ್ ನೌ’ ಚಿತ್ರಕ್ಕೂ ಕೆಲಸ ಮಾಡಿದ ವಾಲ್ಟರ್ ಮರ್ಚ್ ಒಂದು ಒಳ್ಳೆಯ ಕಟ್ಟಿಗೆ ಆರು ಅಳತೆಗೋಲು ಹೇಳಿ ಅವಕ್ಕೆ ಶೇಕಡಾವಾರು ತೂಕವನ್ನೂ ಕೊಟ್ಟಿದ್ದಾರೆ. ಭಾವಕ್ಕೆ 51, ಕಥೆಗೆ 23, ಲಯಕ್ಕೆ 10, ಪ್ರೇಕ್ಷಕನ ಕಣ್ಣು ಎಲ್ಲಿದೆ ಎಂಬುದಕ್ಕೆ 7, ಚೌಕಟ್ಟಿನೊಳಗಿನ ಎಡಬಲಗಳಿಗೆ 5, ನಿಜವಾದ ಜಾಗದಲ್ಲಿ ಯಾವುದು ಎಲ್ಲಿತ್ತು ಎಂಬುದಕ್ಕೆ 4. ನಿಮ್ಮ ದುಪಟ್ಟಾ ಬರುವುದು ಕೊನೆಯ ಆ 4ರಲ್ಲಿ. ಅದಕ್ಕಾಗಿ 51ನ್ನು ಬಿಟ್ಟುಕೊಟ್ಟಿರಿ. ಪ್ರೇಕ್ಷಕನ ಕಣ್ಣು ಆ ಹೊತ್ತಿನಲ್ಲಿ ಚಪ್ಪಲಿಯನ್ನು ಹುಡುಕುತ್ತಿರುತ್ತದೆ, ದುಪಟ್ಟಾ ಯಾವ ಹೆಗಲ ಮೇಲಿದೆ ಎಂದು ನೋಡುವಷ್ಟು ಬಿಡುವು ಅವನಿಗೆ ಸಿಕ್ಕರೆ ತಪ್ಪು ಬೇರೆಲ್ಲೋ ಆಗಿದೆ.

ಹಾಗೆಂದು ಎಡಬಲವನ್ನು ಪೂರ್ತಿ ಮರೆಯಬೇಡಿ. ಕಾರಿಡಾರಿನ ಮೊದಲ ಎರಡು ಶಾಟುಗಳಲ್ಲಿ ಹುಡುಗಿ ಎಡದಿಂದ ಬಲಕ್ಕೆ ನಡೆಯುತ್ತಾಳೆ, ಮೂರನೆಯದರಲ್ಲಿ ಬಲದಿಂದ ಎಡಕ್ಕೆ. ಕ್ಯಾಮೆರಾ ಅವಳ ನಡಿಗೆಯ ಗೆರೆ ದಾಟಿ ಆಚೆ ಬದಿಗೆ ಹೋಗಿದೆ. ನೋಡುವವರಿಗೆ ಅವಳು ಹೆದರಿ ವಾಪಸು ಹೊರಟಳು ಅನ್ನಿಸುತ್ತದೆ. ಆ ಶಾಟು ತೆಗೆದುಬಿಡಿ, ಅದಿಲ್ಲದೆಯೂ ನಡೆಯುತ್ತದೆ. ಎಲ್ಲಕ್ಕೂ ನೀಲಿ ಬಣ್ಣ ಬಳಿದಿದ್ದೀರಲ್ಲ, ಅದನ್ನೂ ತೆಗೆಯಿರಿ. ಟ್ಯೂಬ್‌ಲೈಟಿನ ಆ ರೋಗಿಷ್ಟ ಬಿಳುಪು ನಿಮ್ಮ ಕಾರಿಡಾರಿಗೆ ಹೇಳಿ ಮಾಡಿಸಿದಂತಿತ್ತು.

ಸಂಗೀತದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ಎಡಿಟಿಂಗ್ ಶುರುವಾದದ್ದೇ ಅಲ್ಲಿಂದ. ಮೊದಲು ಡೌನ್‌ಲೋಡ್ ಮಾಡಿದ ಬಿಜಿಎಂ ಟೈಮ್‌ಲೈನಿಗೆ ಹಾಕಿಕೊಂಡು, ಅದರ ಬೀಟ್ ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಲ್ಲಿ ಶಾಟ್ ಕತ್ತರಿಸಿದ್ದೀರಿ. ಚಪ್ಪಲಿಗೆ ಹನ್ನೊಂದೇ ಫ್ರೇಮು ಸಿಕ್ಕಿದ್ದು ಎರಡು ಬೀಟುಗಳ ನಡುವೆ ಅಷ್ಟೇ ಜಾಗ ಇದ್ದುದರಿಂದ. ಎಲ್ಲೋ ಯಾರೋ ಯಾವುದಕ್ಕೋ ಮಾಡಿದ ಟ್ರ್ಯಾಕು ನಿಮ್ಮ ಕಥೆಯ ಮುಖ್ಯ ತೀರ್ಮಾನವನ್ನು ತೆಗೆದುಕೊಂಡಿತು. ನಿಮ್ಮ ಚಿತ್ರದಲ್ಲಿ ನನಗೆ ನಿಜಕ್ಕೂ ಬೇಸರ ತಂದದ್ದು ಇದೊಂದೇ.

1958ರಲ್ಲಿ ಬಂದ ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ ಚಿತ್ರದ ಆರಂಭ ಥ್ರಿಲ್ಲರ್ ಮಾಡುವವರಿಗೆಲ್ಲ ಪಾಠ. ಒಂದು ಕೈ ಟೈಂಬಾಂಬಿನ ಮುಳ್ಳು ತಿರುಗಿಸುತ್ತದೆ, ಅದನ್ನು ಕಾರಿನ ಡಿಕ್ಕಿಯಲ್ಲಿ ಇಡಲಾಗುತ್ತದೆ. ಕಾರು ಗಡಿಯೂರಿನ ಬೀದಿಗಳಲ್ಲಿ ನಿಧಾನವಾಗಿ ಹೊರಡುತ್ತದೆ. ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೇ ಒಂದು ಕಟ್ ಇಲ್ಲ. ಮೊದಲ ಕ್ಷಣದಲ್ಲೇ ಬಾಂಬ್ ತೋರಿಸಿದ್ದರಿಂದ ಕತ್ತರಿಯ ಅಗತ್ಯವೇ ಬೀಳಲಿಲ್ಲ. ಆದರೆ ಸ್ಟುಡಿಯೊದವರು ಚಿತ್ರವನ್ನು ವೆಲ್ಸ್ ಕೈಯಿಂದ ಕಿತ್ತುಕೊಂಡು ಆ ಶಾಟಿನ ಮೇಲೆ ಟೈಟಲ್ಲುಗಳನ್ನು ಓಡಿಸಿದರು, ಹೆನ್ರಿ ಮ್ಯಾನ್ಸಿನಿಯ ಸಂಗೀತ ಹಾಕಿದರು. ವೆಲ್ಸ್ 58 ಪುಟಗಳ ಒಂದು ಮೆಮೊ ಬರೆದು ಏನೇನು ಸರಿಪಡಿಸಬೇಕೆಂದು ಬೇಡಿಕೊಂಡರು. ಅವರು ತೀರಿಹೋಗಿ ಹದಿಮೂರು ವರ್ಷದ ನಂತರ, 1998ರಲ್ಲಿ, ಅದೇ ಮೆಮೊ ಇಟ್ಟುಕೊಂಡು ವಾಲ್ಟರ್ ಮರ್ಚ್ ಚಿತ್ರವನ್ನು ಮತ್ತೆ ಎಡಿಟ್ ಮಾಡಿದರು. ಟೈಟಲ್ ತೆಗೆದರು, ಆ ಸಂಗೀತ ತೆಗೆದರು. ಬದಲಿಗೆ ಬೀದಿಯ ಬಾರುಗಳಿಂದ ಕೇಳುವ ಹಾಡು, ಬಾಂಬಿಟ್ಟ ಕಾರಿನ ರೇಡಿಯೊ. ಈಗ ಆ ರೇಡಿಯೊದ ಸದ್ದು ಹತ್ತಿರ ಬಂದಾಗಲೆಲ್ಲ ಬಾಂಬ್ ಹತ್ತಿರ ಬಂತು ಎಂದು ಗೊತ್ತಾಗುತ್ತದೆ. ಎರಡೂ ಆವೃತ್ತಿಗಳ ಆರಂಭವನ್ನು ಅಕ್ಕಪಕ್ಕ ಇಟ್ಟು ನೋಡಿ, ಕೆಲವೇ ನಿಮಿಷದ ಕೆಲಸ.

ನಮ್ಮಲ್ಲೂ ಇಂಥ ಧೈರ್ಯ ಮಾಡಿದವರಿದ್ದಾರೆ. ಹಾಡಿಲ್ಲದ ಕನ್ನಡ ಸಿನಿಮಾ ಓಡುವುದಿಲ್ಲ ಎನ್ನುತ್ತಿದ್ದ ಕಾಲದಲ್ಲಿ, 1989ರಲ್ಲಿ, ಸುನಿಲ್ ಕುಮಾರ್ ದೇಸಾಯಿ ಒಂದೂ ಹಾಡಿಲ್ಲದ ‘ತರ್ಕ’ ಮಾಡಿದರು. ಕನ್ನಡದಲ್ಲಿ ಥ್ರಿಲ್ಲರ್ ಮಾಡುವವರು ಇವತ್ತಿಗೂ ಆ ಚಿತ್ರದ ಹೆಸರು ಹೇಳುತ್ತಾರೆ.

ಸಂಗೀತವೇ ಬೇಡ ಎನ್ನುತ್ತಿಲ್ಲ. ‘ಸೈಕೋ’ ಸ್ನಾನದ ದೃಶ್ಯಕ್ಕೆ ಸಂಗೀತ ಬೇಡ ಎಂದುಕೊಂಡಿದ್ದವರು ಹಿಚ್‌ಕಾಕ್. ಚಿತ್ರದ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ತಾವಾಗಿ ಪಿಟೀಲುಗಳ ಆ ಚೀತ್ಕಾರ ಬರೆದು ಕೇಳಿಸಿದಾಗ ಹಿಚ್‌ಕಾಕ್ ಮನಸ್ಸು ಬದಲಿಸಿದರು. ಅಲ್ಲಿ ದೃಶ್ಯ ಮೊದಲು ಬಂತು, ಸಂಗೀತ ಅದನ್ನು ನೋಡಿಕೊಂಡು ಬಂತು. ನೀವೂ ಅದೇ ಕ್ರಮ ಹಿಡಿಯಿರಿ. ಬಿಜಿಎಂ ಟ್ರ್ಯಾಕ್ ಪೂರ್ತಿ ಮ್ಯೂಟ್ ಮಾಡಿ ಚಿತ್ರವನ್ನು ಮತ್ತೆ ಕತ್ತರಿಸಿ. ನಿಮ್ಮ ರಶ್‌ನಲ್ಲೇ ಎಷ್ಟು ಸದ್ದುಗಳಿವೆ ಕೇಳಿದ್ದೀರಾ? ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುತ್ತಿದೆ. ಎಲ್ಲೋ ನೀರಿನ ಮೋಟಾರು ಓಡುತ್ತಿದೆ. ಸಜ್ಜಾದಿಂದ ಮಳೆನೀರು ತೊಟ್ಟಿಕ್ಕುತ್ತಿದೆ. ಒಂದು ಟೇಕಿನಲ್ಲಿ ಆ ಮೋಟಾರು ಥಟ್ಟನೆ ನಿಲ್ಲುತ್ತದೆ, ಅಲ್ಲಿಯವರೆಗೆ ಅದು ಓಡುತ್ತಿತ್ತು ಎನ್ನುವುದೇ ನಮಗೆ ಆಗ ಗೊತ್ತಾಗುತ್ತದೆ. ಆ ಸದ್ದು ನಿಲ್ಲುವುದನ್ನು ಅವಳು ಬೀಗಕ್ಕೆ ಕೈ ಹಾಕುವ ಕ್ಷಣಕ್ಕೆ ತಂದಿಡಿ. ಅದಕ್ಕಿಂತ ಒಳ್ಳೆಯ ಡಮಾರ್ ನಿಮಗೆ ಯಾವ ಸೌಂಡ್ ಲೈಬ್ರರಿಯಲ್ಲೂ ಸಿಗುವುದಿಲ್ಲ. ಅಮ್ಮನ ಜೊತೆಗಿನ ಮಾತನ್ನು ಮೆಟ್ಟಿಲಿನ ಶಾಟು ಬರುವ ಮೊದಲೇ, ಖಾಲಿ ಕಾರಿಡಾರಿನ ಮೇಲೆಯೇ ಕೇಳಿಸಿ. ಜೆ ಕಟ್ ಎಂದು ತರಗತಿಯಲ್ಲಿ ಕಲಿತಿದ್ದೀರಿ, ಅದು ಬೇಕಾಗುವುದು ಇಂಥ ಜಾಗದಲ್ಲಿ. ಇನ್ನೊಮ್ಮೆ ಆ ಪಿಜಿಗೆ ಹೋಗಲು ಅನುಮತಿ ಸಿಕ್ಕರೆ ಯಾರೂ ಮಾತಾಡದೆ ಒಂದು ನಿಮಿಷ ಬರೀ ಕಾರಿಡಾರಿನ ಆಂಬಿಯನ್ಸ್ ರೆಕಾರ್ಡ್ ಮಾಡಿಕೊಂಡು ಬನ್ನಿ. ಕಟ್ಟಿನಿಂದ ಕಟ್ಟಿಗೆ ಹಿನ್ನೆಲೆಯ ಸದ್ದು ಹರಿದುಹೋಗುವುದನ್ನು ಅದರಿಂದ ಮುಚ್ಚಬಹುದು.

ಫೋನಿನಲ್ಲಿ ತೆಗೆದ ಶಾಟುಗಳಲ್ಲಿ ಮಾತು ತುಟಿಗೆ ಹೊಂದದೆ ಹೋಗಿದ್ದಕ್ಕೆ ಮೈಕಿನವರನ್ನು ಬೈಯಬೇಡಿ. ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ರೇಟನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಾ ಹೋಗುತ್ತವೆ, ಎಡಿಟಿಂಗ್ ಸಾಫ್ಟ್‌ವೇರಿಗೆ ಅದು ಹಿಡಿಸುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆಯ್ದು ಎಲ್ಲ ಕ್ಲಿಪ್ಪುಗಳನ್ನು ಬದಲಿಸಿಕೊಂಡು ಆಮೇಲೆ ಎಡಿಟಿಂಗಿಗೆ ಕೂರಿ.

ಟೈಟಲ್ಲಿಗೆ ಬರೋಣ. ನಡುಗುವ ಅಕ್ಷರ, ಗೀರುಗಳು, ಮಿಂಚಿ ಮಾಯವಾಗುವ ಫೋಟೊಗಳು. ಇದು 1995ರ ‘ಸೆವೆನ್’ ಚಿತ್ರದಿಂದ ಬಂದದ್ದು, ನೀವು ಆ ಚಿತ್ರ ನೋಡಿರದಿದ್ದರೂ ಅದರ ಮೊಮ್ಮಕ್ಕಳನ್ನು ನೋಡಿದ್ದೀರಿ. ಕೈಲ್ ಕೂಪರ್ ಆ ಟೈಟಲ್ ಮಾಡಿದಾಗ ಅಕ್ಷರಗಳನ್ನು ಫಿಲ್ಮಿನ ಮೇಲೆ ಕೈಯಿಂದ ಗೀರಿ ಬರೆದಿದ್ದರು. ಅದು ಬರೀ ಅಲಂಕಾರವಾಗಿರಲಿಲ್ಲ. ಯಾರೋ ಒಬ್ಬ ಬೆರಳ ತುದಿಯ ಚರ್ಮ ಹೆರೆದುಕೊಳ್ಳುತ್ತಿದ್ದಾನೆ, ನೋಟ್‌ಬುಕ್ಕುಗಳನ್ನು ಹೊಲಿಯುತ್ತಿದ್ದಾನೆ. ಕೊಲೆಗಾರನನ್ನು ನಾವು ಎಷ್ಟೋ ಹೊತ್ತಿನ ಮೇಲೆ ನೋಡುತ್ತೇವೆ, ಅವನ ಕೈಗಳ ಪರಿಚಯ ಮಾತ್ರ ಟೈಟಲ್ಲಿನಲ್ಲೇ ಆಗಿಹೋಗಿರುತ್ತದೆ. ನಿಮ್ಮ ಗೀರುಗಳು ನಿಮ್ಮ ಕಥೆಯ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಹಿಂದೆ ತೊಟ್ಟಿಕ್ಕುವ ನೀರು. ನನಗೆ ಅಷ್ಟೇ ಸಾಕೆನಿಸುತ್ತದೆ.

ಆ ಅಕ್ಷರವಾದರೂ ಸರಿಯಾಗಿರಲಿ. ನಿಮ್ಮ ಟೈಟಲ್ಲಿನಲ್ಲಿ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸಿಡಿದು ಬಂದಿವೆ. ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಟೆಕ್ಸ್ಟ್ ಎಂಜಿನ್ ಆಯ್ದುಕೊಂಡು ಯುನಿಕೋಡ್ ಫಾಂಟ್ ಬಳಸಿದರೆ ಇದು ಆಗುವುದಿಲ್ಲ. ಕನ್ನಡ ಚಿತ್ರದ ಮೊದಲ ಅಕ್ಷರವೇ ಮುರಿದು ಬಂದರೆ ನೋಡುವವರಿಗೆ ನಿಮ್ಮ ಮೇಲಿನ ನಂಬಿಕೆ ಅಲ್ಲಿಗೇ ಅರ್ಧ ಹೋಗುತ್ತದೆ.

ಥ್ರಿಲ್ಲರಿನ ಆರಂಭವನ್ನಷ್ಟೇ ಮಾಡಿ ಎಂದು ಹೇಳುವ ಅಸೈನ್‌ಮೆಂಟಿಗೆ ಅರ್ಥವೇನು, ಪೂರ್ತಿ ಚಿತ್ರ ಮಾಡಿಸಬಾರದಿತ್ತೇ ಎಂದು ನಿಮ್ಮಲ್ಲಿ ಕೆಲವರಿಗೆ ಅಸಮಾಧಾನ ಇದೆ. ಇದು ನಿಮ್ಮ ಮೇಷ್ಟ್ರು ಕಂಡುಹಿಡಿದ ಶಿಕ್ಷೆಯಲ್ಲ. ಇಂಗ್ಲೆಂಡಿನ ಓಸಿಆರ್ ಪರೀಕ್ಷಾ ಮಂಡಳಿ 2008ರಿಂದ ವರ್ಷಗಟ್ಟಲೆ ಹದಿನಾರು ಹದಿನೇಳರ ಹುಡುಗರಿಗೆ ಮೀಡಿಯಾ ಸ್ಟಡೀಸ್ ವಿಷಯದಲ್ಲಿ ಇದನ್ನೇ ಕೊಡುತ್ತಿತ್ತು: ಹೊಸ ಕಥಾಚಿತ್ರವೊಂದರ ಟೈಟಲ್ ಮತ್ತು ಆರಂಭ, ಎರಡು ನಿಮಿಷ ಮೀರಬಾರದು. ಅಲ್ಲಿನ ಎಷ್ಟೋ ಮಕ್ಕಳು ಆರಿಸಿಕೊಳ್ಳುತ್ತಿದ್ದದ್ದು ಥ್ರಿಲ್ಲರನ್ನೇ. ನೂರು ಅಂಕದಲ್ಲಿ ತಯಾರಿಗೆ 20, ಚಿತ್ರಕ್ಕೆ 60, ತಮ್ಮ ಕೆಲಸವನ್ನು ತಾವೇ ವಿಮರ್ಶಿಸಿಕೊಳ್ಳುವುದಕ್ಕೆ 20. ಆದರೆ ಥ್ರಿಲ್ಲರಿಗೆ ಕೈ ಹಾಕುವ ಮೊದಲು ಅವರು ಒಂದು ಸಣ್ಣ ಅಭ್ಯಾಸ ಮುಗಿಸಬೇಕಿತ್ತು. ಒಬ್ಬರು ಬಾಗಿಲು ತೆರೆದು ಬರಬೇಕು, ಕೋಣೆ ದಾಟಿ ಇನ್ನೊಬ್ಬರ ಎದುರಿನ ಕುರ್ಚಿಯಲ್ಲಿ ಕೂರಬೇಕು, ಇಬ್ಬರೂ ಒಂದೆರಡು ಮಾತಾಡಬೇಕು. ಅಷ್ಟೇ. ಬಾಗಿಲ ಹಿಡಿ ತಿರುಗುವುದು ಈಚೆಯ ಶಾಟಿನಿಂದ ಆಚೆಯ ಶಾಟಿಗೆ ಹೊಂದಬೇಕು, ಕ್ಯಾಮೆರಾ ಗೆರೆ ದಾಟಬಾರದು, ಮಾತಿಗೆ ತಕ್ಕಂತೆ ಮುಖಗಳು ಬದಲಾಗಬೇಕು. ನೀವು ಈ ವಾರ ಅದನ್ನೊಮ್ಮೆ ಮಾಡಿ. ಮಧ್ಯಾಹ್ನದೊಳಗೆ ಶೂಟಿಂಗ್, ಸಂಜೆಯೊಳಗೆ ಎಡಿಟಿಂಗ್ ಮುಗಿಯುತ್ತದೆ. ಬಾಗಿಲು ತೆರೆದು ಬರುವ ಮನುಷ್ಯನನ್ನು ಸಲೀಸಾಗಿ ಕುರ್ಚಿಗೆ ತಲುಪಿಸಲು ಬಂದರೆ, ಆ ಬಾಗಿಲು ತೆರೆಯದಂತೆ ಎಷ್ಟು ಹೊತ್ತು ತಡೆಯಬಹುದು ಎನ್ನುವುದೂ ಕೈಗೆ ಬರುತ್ತದೆ.

ಆಮೇಲೆ ನಾನು ಹೇಳಿದ ಮೂರು ಆವೃತ್ತಿಗಳನ್ನು ಮಾಡಿ. ಕಥೆ ಗೊತ್ತಿಲ್ಲದವರಿಗೆ ತೋರಿಸಿ, ಹಾಸ್ಟೆಲಿನ ಜೂನಿಯರ್‌ಗಳಿಗೆ, ಮನೆಯಲ್ಲಿ ಅಜ್ಜಿಗೆ, ಕ್ಯಾಂಟೀನಿನವರಿಗೆ. ಚೆನ್ನಾಗಿದೆಯಾ ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕೋಣೆಯೊಳಗೆ ಯಾರೋ ಇದ್ದಾರೆ ಎಂದು ಯಾವಾಗ ಅನ್ನಿಸಿತು, ಆ ಹುಡುಗಿಗೆ ಅದು ಗೊತ್ತಿತ್ತಾ ಎಂದು ಕೇಳಿ. ಉತ್ತರ ಬರೆದಿಟ್ಟುಕೊಳ್ಳಿ. ಮೂರೂ ಫೈಲುಗಳನ್ನು ಉತ್ತರಗಳ ಸಮೇತ ನನಗೆ ಕಳಿಸಿ, ಕಾಯುತ್ತಿರುತ್ತೇನೆ.

ಕೊನೆಗೆ ಒಂದು ವಿನಂತಿ. ನಿಮ್ಮ ಟೈಟಲ್ಲಿನಲ್ಲಿ ನಿರ್ದೇಶಕರ ಹೆಸರಿದೆ, ಕ್ಯಾಮೆರಾದವರದಿದೆ, ಪಿಜಿ ಕೊಟ್ಟ ಆಂಟಿಯ ಹೆಸರೂ ಇದೆ. ಎಡಿಟರ್ ಹೆಸರಿಲ್ಲ. ಕೇಳಿದ್ದಕ್ಕೆ, ಎಲ್ಲರೂ ಸೇರಿ ಮಾಡಿದೆವು ಸರ್ ಎಂದಿರಿ. ಆದರೆ ಪ್ರಾಜೆಕ್ಟ್ ಫೈಲು ಯಾರ ಲ್ಯಾಪ್‌ಟಾಪಿನಲ್ಲಿತ್ತು, ಬೆಳಗಿನ ಜಾವದವರೆಗೆ ಕೂತು ಎಕ್ಸ್‌ಪೋರ್ಟ್ ಕಾದವರು ಯಾರು ಎಂದು ನಿಮಗೆಲ್ಲ ಗೊತ್ತು. ಮುಂದಿನ ಕಟ್ಟಿನಲ್ಲಿ ಆ ಹುಡುಗಿಯ ಹೆಸರು ಪೂರ್ತಿಯಾಗಿ, ಓದುವಷ್ಟು ಹೊತ್ತು, ಪರದೆಯ ಮೇಲೆ ಇರಲಿ.

ಇಂತಿ ನಿಮ್ಮ,
ಒಬ್ಬ ಎಡಿಟರ್